ಹೆಸರಿಲ್ಲದ ರೇವು

ಸೆಪ್ಟೆಂಬರ್ ೧೧, ೧೯೯೭

ಸೋಮವಾರ ಬೆಳಿಗ್ಗೆ ಹೋದ ಇವರು ಇನ್ನೂ ಬಂದಿಲ್ಲ.

ನಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾರೆ ಎಂದು ನಾನು, ಮನೆಯಲ್ಲಿದ್ದಾರೆ ಎಂದು ಅಲ್ಲಿ ಅಕ್ಷರ ಜೋಡಿಸುವ ಮರುಳಪ್ಪ, ಇಬ್ಬರೂ ಸಂಜೆಯವರೆಗೆ ನೆಮ್ಮದಿಯಾಗಿಯೇ ಇದ್ದೆವು. ದೀಪ ಹಚ್ಚಲು ಹೋದ ಅತ್ತೆ ದೇವರಕೋಣೆಯಿಂದ ನನ್ನ ಹೆಸರು ಹಿಡಿದು ಕೂಗಿದರು. ದೇವರ ಜಗುಲಿಯ ಮೇಲೆ ಇವರ ಬೆಳ್ಳಿಯ ಕರಡಿಗೆ ಇತ್ತು. ಶಿವದಾರವನ್ನು ಅದಕ್ಕೇ ಅಚ್ಚುಕಟ್ಟಾಗಿ ಸುತ್ತಿ, ಮೇಲೊಂದು ಬಿಲ್ವಪತ್ರೆ ಇಟ್ಟಿದ್ದರು. ಒಳಗೆ ಲಿಂಗ.

ಮಗು ಹುಟ್ಟಿದಾಗ ಕೊರಳಿಗೆ ಬಂದ ಲಿಂಗ, ಸತ್ತಾಗ ಎಡ ಅಂಗೈಯಲ್ಲಿ ಕೂತು ಮಣ್ಣಿಗೆ ಹೋಗಬೇಕು. ನಡುವೆ ಅದನ್ನು ತೆಗೆದಿಟ್ಟು ನಮ್ಮಲ್ಲಿ ಯಾರೂ ಹೊಸಿಲು ದಾಟುವುದಿಲ್ಲ. ಮದುವೆಯಾದಾಗಿನಿಂದ ಇವರ ಕೊರಳು ಬರಿದಾಗಿದ್ದನ್ನು ನಾನು ಕಂಡಿಲ್ಲ. ಅತ್ತೆ ಕರಡಿಗೆಯನ್ನು ಮುಟ್ಟಲಿಲ್ಲ. ಅದನ್ನೇ ನೋಡುತ್ತಾ, "ಮರೆತು ಹೋಗ್ಯಾನೆ ಅಂತ ಹೇಳು ಗಂಗಾ," ಎಂದರು.

ನಾನು ಹಾಗೆ ಹೇಳಲಿಲ್ಲ. ನಿಜವಲ್ಲದ್ದನ್ನು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ.

ಮೈದುನ ವೀರೇಶ್ ನಿನ್ನೆ ಠಾಣೆಗೆ ಕರೆದುಕೊಂಡು ಹೋದ. ಜಗಳ ಆಗಿತ್ತೇ, ಕುಡಿತ ಇತ್ತೇ, ಬೇರೆ ಸಂಬಂಧ ಇತ್ತೇ ಎಂದು ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆ. ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟು, ಯಾವುದೂ ಇಲ್ಲದಿದ್ದರೆ ಮನುಷ್ಯ ಯಾಕೆ ಹೋಗುತ್ತಾನೆ ಮೇಡಂ ಎಂದ. ಬೈದಂತೆ ಕೇಳಿಸಲಿಲ್ಲ. ಅವನಿಗೂ ನಿಜವಾಗಿ ತಿಳಿಯದೆ ಕೇಳಿದ್ದ.

ಎಂ.ಎ. ಓದುವಾಗ ದಿನಚರಿ ಬರೆಯುತ್ತಿದ್ದೆ, ಆಮೇಲೆ ಬಿಟ್ಟೆ. ಇವತ್ತು ಮತ್ತೆ ಕೂತಿರುವುದು, ಮನೆಗೆ ಬಂದವರ ಎದುರು ಬಾಯಿ ತೆರೆಯಲು ಆಗದ್ದರಿಂದ.

ಸೆಪ್ಟೆಂಬರ್ ೧೩

ಪಡಸಾಲೆಯಲ್ಲಿ ಇವರ ಕುರ್ಚಿಯಲ್ಲಿ ಕೂತೆ. ಎದುರಿಗೆ ಆ ಚಿತ್ರ.

ನಮ್ಮ ಮಾವ ಶಾಂತವೀರಪ್ಪನವರು ಬಳ್ಳಾರಿಯಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಊರು ಬಿಡುವಾಗ ಹರಾಜಿನಲ್ಲಿ ಮೇಜು ಕೊಂಡರಂತೆ. ಮೇಜಿನ ಜೊತೆಗೆ ಇದನ್ನೂ ಗಾಡಿಗೆ ಹಾಕಿದರಂತೆ. ಮೇಜನ್ನು ಗೆದ್ದಲು ತಿಂದಿತು, ಚಿತ್ರ ಉಳಿಯಿತು. ನೂರು ವರ್ಷಕ್ಕೂ ಹಿಂದಿನದು. ಯಾವುದೋ ಪರದೇಶದ ಪಟ್ಟಣದ ರೇವು. ಕೆಳಗೆ ಊರಿನ ಹೆಸರಿದ್ದ ಜಾಗವನ್ನು ಹುಳ ತಿಂದಿದೆ. ಬಣ್ಣವಿಲ್ಲ, ಕೂದಲಿಗಿಂತ ತೆಳುವಾದ ಕಪ್ಪು ಗೀರುಗಳಷ್ಟೇ. ಹಾಯಿಕಂಬಗಳು ಬಳ್ಳಾರಿ ಜಾಲಿಯ ಮೆಳೆಯ ಹಾಗೆ ಒತ್ತೊತ್ತಾಗಿ ನಿಂತಿವೆ. ಅವುಗಳ ಬುಡದಲ್ಲಿ ಪೀಪಾಯಿ ಉರುಳಿಸುವವರು, ಮೂಟೆ ಹೊತ್ತವರು, ಕುದುರೆಗೆ ಚಾಟಿ ಎತ್ತಿದವರು, ಟೋಪಿ ಕೈಯಲ್ಲಿ ಹಿಡಿದು ಯಾರನ್ನೋ ಕರೆಯುವವರು. ಒಂದಂಗುಲ ಜಾಗದಲ್ಲಿ ಒಂದು ಸಂತೆ.

ಮದುವೆಯಾದ ಹೊಸತರಲ್ಲಿ ಇವರೇ ವಿವರಿಸಿದ್ದರು. ಇದು ಬರೆದ ಚಿತ್ರವಲ್ಲ, ಕೊರೆದದ್ದು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್ಡಿನಲ್ಲಿ ಅದ್ದುತ್ತಾರೆ. ಗೀರಿದ ಕಡೆಯೆಲ್ಲ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗಾಯದೊಳಗೆ ಶಾಯಿ ತುಂಬಿ ಕಾಗದ ಒತ್ತಿದರೆ ಚಿತ್ರ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ತಿರುಗಿಕೊಂಡು ಬರುತ್ತದೆ, ನಮ್ಮ ಪ್ರೆಸ್ಸಿನ ಅಚ್ಚುಮೊಳೆಗಳ ಹಾಗೆಯೇ ಎಂದಿದ್ದರು. ಎಚಿಂಗ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಇವರ ಬಾಯಿಂದ.

ಹೋಗುವ ಮುಂಚಿನ ವಾರ ಭೂತಗನ್ನಡಿ ಹಿಡಿದು ಇದರ ಮುಂದೆ ನಿಂತಿದ್ದರು. ನಾನು ಕಾಫಿ ತಂದೆ. "ಇಷ್ಟು ಜನದಾಗೆ ಒಬ್ಬನ್ನ ಅಳಿಸಿದ್ರೆ ಚಿತ್ರಕ್ಕೇನೂ ಆಗಲ್ಲ, ಅಲ್ವೇನೆ?" ಎಂದರು. ಅಳಿಸಲು ಇದೇನು ಸ್ಲೇಟೇ ಎಂದೆ. ಹೌದಲ್ಲ ಎಂದು ಕಾಫಿ ಕುಡಿದರು.

ಕವಿತೆಯ ಪುಸ್ತಕ ತೆರೆದು ಕೂತರೆ ಸಾಲುಗಳು ಕಣ್ಣಿಗೆ ಬೀಳುತ್ತವೆ, ಒಳಗೆ ಇಳಿಯುವುದಿಲ್ಲ.

ಸೆಪ್ಟೆಂಬರ್ ೧೬

ಚಿತ್ರದ ಗಾಜಿನ ಮೇಲೆ ಒಂದು ಗುರುತು. ಬೆಳಗಿನ ಬಿಸಿಲು ಅಡ್ಡ ಬಿದ್ದಾಗ ಮಾತ್ರ ಕಾಣುತ್ತದೆ. ಇವರ ಬಲಗೈ ತೋರುಬೆರಳಿನದು. ಎಷ್ಟೋ ವರ್ಷದ ಹಿಂದೆ ಅಚ್ಚು ಒತ್ತುವ ಟ್ರೆಡಲ್ ಮೆಷಿನ್ನು ಆ ಬೆರಳಿನ ತುದಿಯನ್ನು ಕಚ್ಚಿಕೊಂಡು ಹೋಗಿದೆ. ಉಗುರಿಲ್ಲದ ಆ ಮೋಟು ಬೆರಳಿನ ಗುರುತು ದುಂಡಗೆ ಬೀಳುತ್ತದೆ. ಎಷ್ಟೋ ಜನರ ಮದುವೆ ಕಾಗದದ ಮೇಲೂ ಬಿದ್ದಿದೆ.

ಗುರುತಿನ ಕೆಳಗೆ ನೀರಿಗಿಳಿಯುವ ಮೆಟ್ಟಿಲು. ಮೆಟ್ಟಿಲ ಮೇಲೆ ಒಬ್ಬ ಗಂಡಸು ನಮಗೆ ಬೆನ್ನು ಮಾಡಿ ಕೂತಿದ್ದಾನೆ. ಸುತ್ತ ಎಲ್ಲರಿಗೂ ಕೆಲಸವಿದೆ, ಅವನಿಗಿಲ್ಲ. ಎಷ್ಟು ಹೊತ್ತು ನೋಡಿದೆನೋ. ಇವರು ತೋರಿಸುತ್ತಿದ್ದುದು ಇವನನ್ನೇ ಎಂದು ಅನ್ನಿಸಿತು. ಗಾಜನ್ನು ಯಾರೂ ಒರೆಸಕೂಡದೆಂದು ಕೆಲಸದ ಮುದ್ದಕ್ಕನಿಗೆ ಎರಡೆರಡು ಸಲ ಹೇಳಿದೆ.

ಮಧ್ಯಾಹ್ನ ಪ್ರೆಸ್ಸಿಗೆ ಹೋದೆ. ಕರಪತ್ರ ಆಗಬೇಕಿತ್ತು. ಮರುಳಪ್ಪ 'ಕಾಣೆಯಾಗಿದ್ದಾರೆ' ಎನ್ನುವವರೆಗೆ ಜೋಡಿಸಿ, ಮುಂದೆ ಇವರ ಹೆಸರು ಬಂದಾಗ ಕೈ ನಿಲ್ಲಿಸಿದ. ಮೊಳೆ ಜೋಡಿಸುವ ಸ್ಟಿಕ್ಕನ್ನು ಅವನ ಕೈಯಿಂದ ನಾನು ತೆಗೆದುಕೊಂಡೆ. ಮೊಳೆಗಳನ್ನು ತಲೆಕೆಳಗಾಗಿ ಜೋಡಿಸಬೇಕು, ಅಕ್ಷರಗಳೆಲ್ಲ ಉಲ್ಟಾ. ಎರಡು ಸಾಲಿಗೆ ಒಂದು ಗಂಟೆ. ಪ್ರೂಫ್ ತೆಗೆದರೆ ಅರ್ಧಕ್ಕರ್ಧ ತಪ್ಪು. ಮರುಳಪ್ಪ ಕಣ್ಣೊರೆಸಿಕೊಂಡೇ ನಕ್ಕ. "ಅಮ್ನೋರೆ, ಹಿಂಗೆ ಹಂಚಿದ್ರೆ ಸಾವ್ಕಾರ್ರು ಬರೋದಲ್ಲ, ಓದಿದೋರು ಕಾಣೆಯಾಗ್ತಾರೆ."

ಕೊನೆಗೆ ಸರಿಯಾಯಿತು. ಅಮರೇಶ್, ಐವತ್ತೆರಡು, ಎಣ್ಣೆಗೆಂಪು ಮೈಬಣ್ಣ, ಬಿಳಿ ಅಂಗಿ, ಕೈಬೆರಳೊಂದರ ತುದಿ ಇಲ್ಲ.

ಸೆಪ್ಟೆಂಬರ್ ೨೦

ಅತ್ತೆ ರೊಟ್ಟಿ ಬಿಟ್ಟರು.

ಬೆಳಿಗ್ಗೆ ತಟ್ಟೆ ಇಟ್ಟಾಗ ಪಕ್ಕಕ್ಕೆ ಸರಿಸಿ ಹೇಳಿದರು: "ಅವನ ಲಿಂಗ ಅವನ ಕೈ ಸೇರೋತಂಕ ನಾನು ರೊಟ್ಟಿ ಮುಟ್ಟಲ್ಲ. ಬಂದು ಕೊರಳಿಗೆ ಕಟ್ಕೊಂಡ್ರೂ ಸೈ, ಮಣ್ಣಿಗಿಡೋವಾಗ ಕೈಯಾಗಿಟ್ರೂ ಸೈ." ದನಿ ಏರಿಸಲಿಲ್ಲ. ಎಂಬತ್ತರ ಹತ್ತಿರದ ಜೀವ, ಇನ್ನು ಮೇಲೆ ಬರೀ ಗಂಜಿ. ಮಠದ ಅಯ್ಯನೋರು ಬಂದು, ಹೀಗೆ ಹಟ ಹಿಡಿಯಬಾರದು ಬಸವಲಿಂಗಮ್ಮ ಎಂದು ಎಷ್ಟೋ ಹೇಳಿದರು. ಅತ್ತೆ ಅವರ ಪಾದ ಮುಟ್ಟಿ ನಮಸ್ಕರಿಸಿದರು, ರೊಟ್ಟಿ ಮುಟ್ಟಲಿಲ್ಲ. ಹೋಗುವಾಗ ಅಯ್ಯನೋರು, ಆ ಲಿಂಗಕ್ಕೆ ದಿನಾ ನೀರು ವಿಭೂತಿ ತಪ್ಪಿಸಬೇಡಿ ಎಂದು ನನಗೆ ಹೇಳಿದರು.

ವೀರೇಶನಿಗೆ ಒಂದು ವಿಚಾರ ಹೊಳೆದಿದೆ. ಅಣ್ಣ ಯಾವಾಗಲೂ ಆ ಹಡಗುಗಳನ್ನೇ ನೋಡುತ್ತಿದ್ದ, ಸಮುದ್ರ ಇರುವ ಊರಿಗೇ ಹೋಗಿರುತ್ತಾನೆ ಎಂದು. ಎಲ್ಲರೂ ತಲೆಯಾಡಿಸಿದರು. ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡುವ ಚಳ್ಳಕೆರೆಯಲ್ಲಿ ಒಬ್ಬ ಮನುಷ್ಯ ದಿನಾ ನೀರು ನೋಡುತ್ತಿದ್ದ ಎಂದರೆ ಬೇರೆ ಏನು ತಾನೇ ಅರ್ಥ ಹೊಳೆಯಬೇಕು. ವೀರೇಶ್ ಕರಪತ್ರದ ಕಟ್ಟು ಹಿಡಿದು ಇವತ್ತು ಬೊಂಬಾಯಿಗೆ ಹೊರಟ.

ಸೆಪ್ಟೆಂಬರ್ ೨೩

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಚಿತ್ರ ಅವರಿಗೆ ಬೂದಿ ಬಣ್ಣದ ಒಂದು ಚೌಕ ಅಷ್ಟೇ. ಇವತ್ತು ಗಂಜಿ ಕೊಟ್ಟಾಗ, "ಅವನು ಅದರಾಗೆ ಏನ್ ನೋಡ್ತಿದ್ದ, ನಂಗೂ ಹೇಳು," ಎಂದರು.

ಎಡಮೂಲೆಯಿಂದ ಶುರುಮಾಡಿದೆ. ಗಾಡಿ, ಕುದುರೆ, ಪೀಪಾಯಿ. ಮಧ್ಯೆ ಮಧ್ಯೆ ಒಂದೊಂದು ಗುಟುಕು ಕುಡಿಸಿದೆ. ಹೆಂಗಸರು ಇದ್ದಾರಾ ಎಂದರು. ಇದ್ದಾರೆ, ಬುಟ್ಟಿ ಮುಂದಿಟ್ಟುಕೊಂಡು ಮೀನು ಮಾರುತ್ತಾರೆ ಎಂದೆ. "ಥೂ," ಎಂದು ಲೋಟ ಕೆಳಗಿಟ್ಟುಬಿಟ್ಟರು. "ನನ್ನ ಮಗ ಇಷ್ಟು ವರ್ಷ ಮೀನು ನೋಡ್ಕೊಂಡು ಕುಂತಿದ್ನಾ?" ಆಮೇಲೆ ಎಷ್ಟು ಹೇಳಿದರೂ ಕುಡಿಯಲಿಲ್ಲ.

ಸೆಪ್ಟೆಂಬರ್ ೨೫

ಸರಿಯಾಗಿ ನೋಡಿದೆ, ಬುಟ್ಟಿಯಲ್ಲಿರುವುದು ಶೇಂಗಾ ಎಂದೆ. ಲೋಟ ಖಾಲಿ ಮಾಡಿದರು.

ಅಕ್ಟೋಬರ್ ೪

ವೀರೇಶ್ ಬಂದ. ಮುಖ ಕಪ್ಪಾಗಿದೆ, ದನಿ ಬಿದ್ದುಹೋಗಿದೆ. ಬಂದರಿನ ಒಳಗೆ ಬಿಡಲೇ ಇಲ್ಲವಂತೆ. "ಅತ್ತಿಗೆ, ಅಲ್ಲಿ ಸಮುದ್ರನೇ ಕಾಣಲ್ರಿ. ಗೋಡೆ, ಗೇಟು, ಲಾರಿ, ಅಷ್ಟೇ." ಕನ್ನಡದವರ ಹೋಟೆಲುಗಳಲ್ಲಿ ಕರಪತ್ರ ಕೊಟ್ಟನಂತೆ. ಒಬ್ಬ ಅದರಲ್ಲೇ ಬೋಂಡ ಕಟ್ಟಿ ಇನ್ನೊಬ್ಬನಿಗೆ ಕೊಟ್ಟನಂತೆ. ಅದನ್ನು ಹೇಳುವಾಗ ಅವನಿಗೆ ನಗು ಬಂತು, ನಗು ನಿಲ್ಲಿಸಲು ಆಗದೆ ಹಿತ್ತಲಿಗೆ ಹೋದ.

ಹಿತ್ತಲಿಂದ ಬಂದವನೇ ಕುರ್ಚಿ ಹತ್ತಿ ಚಿತ್ರಕ್ಕೆ ಕೈ ಹಾಕಿದ. ಇದನ್ನು ಸುಟ್ಟರೇ ಮನೆಗೆ ಒಳ್ಳೆಯದು, ಅಣ್ಣನ ತಲೆ ಕೆಡಿಸಿದ್ದು ಇದೇ ಎಂದ. ಅತ್ತೆ ಹಾಸಿಗೆಯಿಂದಲೇ, "ಇಳಿಯಲೇ ಕೆಳಗೆ. ಅದನ್ನ ಸುಟ್ರೆ ಅವನು ಎಲ್ಲಿಂದ ಬರ್ಬೇಕು?" ಎಂದರು.

ಅವರ ಮನಸ್ಸಿನಲ್ಲಿ ಇವರು ಆ ಚಿತ್ರದ ಒಳಗೇ ಇದ್ದಾರೆ. ಹಾಗೆ ಅಂದುಕೊಳ್ಳಲು ನಾನೇ ದಾರಿ ಮಾಡಿಕೊಟ್ಟೆನೋ ಏನೋ.

ಅಕ್ಟೋಬರ್ ೯

ಮೂಟೆ ಹೊರುವವರ ಕಥೆ ಅತ್ತೆಗೆ ಸಾಕಾಗಿದೆ. ಇವತ್ತು ಮೆಟ್ಟಿಲ ಹತ್ತಿರ ಒಬ್ಬ ಮುದುಕಿಯನ್ನು ಕೂರಿಸಿದೆ. ಕೈಯಲ್ಲಿ ಒಂದು ತಂಬಿಗೆ ಕೊಟ್ಟೆ. ಯಾರಿಗೆ ಕಾಯ್ತಾಳೆ ಎಂದರು. ಮಗನಿಗೆ ಎಂದೆ. ಎಷ್ಟು ದಿನದಿಂದ ಎಂದರು. ತುಂಬ ದಿನದಿಂದ ಎಂದೆ. "ಉಣ್ತಾಳಾ?" "ಉಣ್ತಾಳೆ ಅತ್ತೆ. ಅವಳು ಉಂಡು ಗಟ್ಟಿ ಇದ್ರೇ ತಾನೇ ಕಾಯೋಕಾಗೋದು." ಗಂಜಿಯ ಜೊತೆ ಒಂದು ಬಾಳೆಹಣ್ಣೂ ತಿಂದರು.

ಆ ಜಾಗದಲ್ಲಿ ನಿಜವಾಗಿ ಇರುವುದು ಹಗ್ಗದ ಸುರುಳಿ.

ಪ್ರೆಸ್ಸಿನಲ್ಲಿ ಎರಡು ಗೃಹಪ್ರವೇಶದ ಕೆಲಸ ಬಂದಿದೆ. ಮರುಳಪ್ಪನೊಬ್ಬನಿಂದ ಆಗದು, ಬೆಳಿಗ್ಗೆ ಹೊತ್ತು ನಾನೂ ಹೋಗುತ್ತಿದ್ದೇನೆ.

ಅಕ್ಟೋಬರ್ ೧೬

ಮೊಳಕಾಲ್ಮೂರಿನಿಂದ ಮಗಳು ದೀಪಿಕಾ ಫೋನ್ ಮಾಡಿದ್ದಳು. ಅವಳ ಮನೆಯವರದು ಸೀರೆ ವ್ಯಾಪಾರ. ಅವರಿಗೆ ನೇಯ್ದು ಕೊಡುವವನೊಬ್ಬ ದೇವಸಮುದ್ರದ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನಂಥವರನ್ನು ಕಂಡನಂತೆ. ದಿನಾ ಅಲ್ಲೇ ಕೂತಿರುತ್ತಾರಂತೆ, ಯಾವ ಬಸ್ಸೂ ಹತ್ತುವುದಿಲ್ಲವಂತೆ.

ಮೊದಲ ಬಸ್ಸಿಗೆ ಹೋದೆ. ಮೊಳಕಾಲ್ಮೂರಿನ ಬೀದಿಯಲ್ಲಿ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು. ದೀಪಿಕಾ ಬಾಗಿಲಲ್ಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಇಬ್ಬರೂ ದೇವಸಮುದ್ರಕ್ಕೆ ಹೋದೆವು. ಜಾಲಿಮರದ ಕೆಳಗಿನ ಕಟ್ಟೆಯ ಮೇಲೆ ರಸ್ತೆಗೆ ಬೆನ್ನು ಮಾಡಿ ಒಬ್ಬರು ಕೂತಿದ್ದರು. ಅದೇ ಬಾಗಿದ ಹೆಗಲು. ಕತ್ತಿನ ಹಿಂದೆ ಅದೇ ನರೆಗೂದಲು. ದೀಪಿಕಾ ನನ್ನ ಕೈ ಬಿಟ್ಟು ಓಡಿದಳು, "ಅಪ್ಪಾ" ಎಂದು. ನಾನು ಓಡಲಿಲ್ಲ. ಅವರು ತಿರುಗಿ, "ಎವರು ಕಾವಾಲಮ್ಮಾ?" ಎಂದರು. ಯಾರು ಬೇಕಮ್ಮ ಎಂದು ತೆಲುಗಿನಲ್ಲಿ. ಕುರಿ ವ್ಯಾಪಾರದವರು, ರಾಯದುರ್ಗದ ಕಡೆಯವರು. ಸಂತೆಗೆ ಬರುವ ತಮ್ಮ ಜನಕ್ಕಾಗಿ ಕೂತಿದ್ದರು. ದೀಪಿಕಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಪಾಪ, ಅವರೇ ಎದ್ದು ಹೋಗಿ ಅವಳಿಗೆ ಸೋಡಾ ತಂದರು.

ಬಸ್ಸಿನಲ್ಲಿ ಅವಳು ನನ್ನ ಕಡೆ ತಿರುಗಿದಳು. "ಅವ್ವ, ಆತ ಅಪ್ಪ ಅಲ್ಲ ಅಂತ ಗೊತ್ತಾದಾಗ ನಿನ್ನ ಮುಖ ನೋಡ್ದೆ. ನಿಂಗೆ ಉಸಿರು ಬಂದಂಗಾತಲ್ಲ?"

ಬಿಸಿಲು ಎಂದೆ. ಎರಡೂ ಕಡೆ ಮರವಿಲ್ಲದ ರಸ್ತೆ ಅದು.

ಅಕ್ಟೋಬರ್ ೧೭

ಬಿಸಿಲೇ ಇರಬೇಕು.

ಅಕ್ಟೋಬರ್ ೨೫

ಕಾಲೇಜಿನ ಸಮಾರಂಭದ ಆಮಂತ್ರಣ ಪೂರ್ತಿ ನಾನೇ ಜೋಡಿಸಿದೆ. ಪ್ರೂಫಿನಲ್ಲಿ ಒಂದೇ ತಪ್ಪು, ಅದೂ ಕೊಂಬು. ಮೊಳೆ ನೋಡಿದರೆ ಈಗ ತಲೆಕೆಳಗು ಅನ್ನಿಸುವುದಿಲ್ಲ. ಮನೆಗೆ ಬಂದು ಪೇಪರು ಹಿಡಿದಾಗಲೇ ಅಕ್ಷರಗಳೆಲ್ಲ ಯಾಕೆ ಹೀಗೆ ನೆಟ್ಟಗೆ ನಿಂತಿವೆ ಎಂದು ಒಂದು ಕ್ಷಣ ಗೊಂದಲ. ಅಚ್ಚಾದ ಹಾಳೆಗಳು ಹಾರದಂತೆ ಮೇಲಿಡಲು ಮನೆಯಿಂದ ದಪ್ಪ ಪುಸ್ತಕ ಒಂದೆರಡು ಒಯ್ದಿದ್ದೆ, ಕವನ ಸಂಗ್ರಹಗಳು. ಚೆನ್ನಾಗಿ ತೂಕ ಹಿಡಿಯುತ್ತವೆ.

ಕನ್ನಡಿಯಲ್ಲಿ ನೋಡಿದರೆ ಆ ಚಿತ್ರ ತಾಮ್ರದ ತಗಡಿನಲ್ಲಿದ್ದ ಹಾಗೆ ಕಾಣಬೇಕಲ್ಲ ಎಂದು ಇವತ್ತು ಹೊಳೆಯಿತು. ಗೋಡೆಯ ಕನ್ನಡಿ ತೆಗೆದು ಎದುರು ಹಿಡಿದೆ. ಬಲದಿಂದ ಎಡಕ್ಕೆ ಬರುವ ಒಂದು ದೋಣಿಯಿದೆ. ಎಡದಿಂದ ಬಲಕ್ಕೆ ಓದಿ ರೂಢಿಯಾದ ಕಣ್ಣಿಗೆ ಅದು ಎದುರಾಗಿ ಬರುತ್ತದೆ, ಮನೆಗೆ ಮರಳುವ ಹಾಗೆ. ಕನ್ನಡಿಯಲ್ಲಿ ಅದೇ ದೋಣಿ ಹೊರಟು ಹೋಗುತ್ತಿತ್ತು. ಹುಟ್ಟು ಹಾಕುವವನ ತೋಳು, ನೀರಿನ ಗೀರು, ಏನೂ ಬದಲಾಗಿಲ್ಲ.

ಮೊದಲಾಗಿದ್ದರೆ ಇದರ ಮೇಲೆ ಎರಡು ಪುಟ ಬರೆಯುತ್ತಿದ್ದೆ. ಕಾಗದ ಕತ್ತರಿಸುವುದು ಬಾಕಿ ಇದೆ.

ನವೆಂಬರ್ ೨

ದೀಪಾವಳಿ ಹಬ್ಬ ಮಾಡಲಿಲ್ಲ. ಆದರೂ ಮನೆ ಧೂಳು ಹಿಡಿದಿತ್ತು. ಗೂಟದ ಮೇಲಿನ ಅಂಗಿಗಳನ್ನು ಒಗೆದು ಮಡಚಿ ಟ್ರಂಕಿಗೆ ಹಾಕಿದೆ, ಪ್ರೆಸ್ಸಿಗೆ ಉಡುವ ನನ್ನ ಹಳೆ ಸೀರೆಗೆ ಗೂಟ ಬೇಕಿತ್ತು. ಪಡಸಾಲೆಯ ಗಾಜುಗಳನ್ನೆಲ್ಲ ಒರೆಸಿದೆ. ಮುದ್ದಕ್ಕ ಹಿಂದೆ ಮುಂದೆ ನೋಡುತ್ತಾ, ಆ ಚಿತ್ರದ್ದೂ ಒರೆಸಬೇಕಾ ಅಮ್ಮಾ ಎಂದಳು. ಯಾಕೆ ಹಾಗೆ ಕೇಳಿದಳೋ. ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ನಾನೇ ಒರೆಸಿದೆ. ಆಕಾಶದ ಭಾಗದಲ್ಲಿ ಹಕ್ಕಿಗಳಿವೆ, ಇಷ್ಟು ದಿನ ಧೂಳಿನಲ್ಲಿ ಕಂಡಿರಲಿಲ್ಲ.

ನವೆಂಬರ್ ೧೦

ಅತ್ತೆ ಏಳುವುದಿಲ್ಲ. ಗಂಜಿಯೂ ಎರಡು ಗುಟುಕಿಗೆ ಸಾಕೆನ್ನುತ್ತಾರೆ. ಡಾಕ್ಟರು ರೋಗವೇನಿಲ್ಲ, ಹೊಟ್ಟೆಗೆ ಬೀಳಬೇಕು ಅಷ್ಟೇ, ಹೀಗೇ ಆದರೆ ಈ ತಿಂಗಳು ಕಳೆಯುವುದು ಕಷ್ಟ ಎಂದರು. ಒಂದು ರೊಟ್ಟಿ ತಿನ್ನು ಅವ್ವ ಎಂದು ವೀರೇಶ್ ಕಾಲು ಹಿಡಿದು ಕೇಳಿದ. ಅತ್ತೆ ದೇವರಕೋಣೆಯ ಕಡೆ ಕೈ ತೋರಿಸಿದರು. ಅಲ್ಲಿ ಕರಡಿಗೆ ಇದೆ.

ಚಿತ್ರ ಹೇಳು ಎಂದರು. ಮೆಟ್ಟಿಲ ಮೇಲೆ ಕೂತಿದ್ದವನು ಎದ್ದ ಎಂದೆ. ಎದ್ದು ಏನು ಮಾಡಿದ ಎಂದರು. ದೋಣಿ ಹತ್ತಿದ. ಎಲ್ಲಿಗೆ? ಇತ್ತಲಾಗೆ ಅತ್ತೆ, ನಮ್ಮ ಕಡೆಗೇ ಬರ್ತಾ ಇದ್ದಾನೆ. ನಾನು ಎಲ್ಲಿಯೂ ತಡವರಿಸಲಿಲ್ಲ. ಹೇಳುತ್ತಾ ಹೇಳುತ್ತಾ ಹೊರಗೆ ಹಾಲಿನವನು ಬಂದದ್ದು ಕೇಳಿಸಿತು, ಎದ್ದು ಪಾತ್ರೆ ಕೊಟ್ಟು ಬಂದು ಅದೇ ದೋಣಿಯಿಂದ ಮುಂದುವರಿಸಿದೆ.

ನವೆಂಬರ್ ೧೮

ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಅಂಚಿನಲ್ಲಿ ಕಲ್ಲು ತೆಗೆದು ಬಿಟ್ಟ ಗುಂಡಿಯೊಂದಿದೆ. ಈ ಸಲದ ಮಳೆಗೆ ತುಂಬಿತ್ತು. ಕುರಿ ಕಾಯುವವರು ನೀರಿನಲ್ಲಿ ಹೆಣ ಕಂಡು ತಿಳಿಸಿದರಂತೆ. ಬೆಳಿಗ್ಗೆ ಠಾಣೆಯಿಂದ ಕರೆ ಬಂತು. ವೀರೇಶನ ಸ್ಕೂಟರಿನ ಹಿಂದೆ ಕೂತು ಹೋದೆ.

ಆಸ್ಪತ್ರೆಯ ಹಿಂದಿನ ಕೋಣೆ. ಮುಖ ಇರಲಿಲ್ಲ. ಅದನ್ನು ಬರೆಯಬೇಕಾಗಿಲ್ಲ. ಅಂಗಿಯ ಬಣ್ಣ ಹೇಳಲಾಗದು. ಎತ್ತರ ಹೆಚ್ಚುಕಡಿಮೆ ಅಷ್ಟೇ.

ವೀರೇಶ್ ಮೊದಲು ನೋಡಿದ್ದು ಕೊರಳನ್ನು. "ಲಿಂಗ ಇಲ್ರಿ ಅತ್ತಿಗೆ. ಅಣ್ಣ ಬಿಟ್ಟು ಹೋಗಿದ್ನಲ್ಲ," ಎಂದು ಗೋಡೆಗೆ ತಲೆ ಇಟ್ಟು ಅಳತೊಡಗಿದ. ಈ ತಾಲ್ಲೂಕಿನಲ್ಲಿ ಕೊರಳಿನಲ್ಲಿ ಲಿಂಗವಿಲ್ಲದ ಗಂಡಸರೇ ಹೆಚ್ಚು. ಇಲ್ಲದ್ದನ್ನೇ ಗುರುತು ಎಂದು ಹಿಡಿಯುವುದು ನಮ್ಮಂಥ ಮನೆಯವರಿಗಷ್ಟೇ ಸಾಧ್ಯ.

ಸಬ್ ಇನ್‌ಸ್ಪೆಕ್ಟರ್ ನಮ್ಮ ಕರಪತ್ರ ತೆಗೆದು ಓದಿದರು. ಕೈಬೆರಳೊಂದರ ತುದಿ ಇಲ್ಲ. ಬಟ್ಟೆ ಸರಿಸಿ ಕೈ ತೋರಿಸಿದರು. ತೋರುಬೆರಳು ಮೊದಲ ಗೆಣ್ಣಿಗೇ ನಿಂತಿತ್ತು. ಹಳೆಯ ಗಾಯ, ನೀರಿನಲ್ಲಿ ಆದದ್ದಲ್ಲ ಎಂದು ಡಾಕ್ಟರು ಹೇಳಿದರು. ಶೇಂಗಾ ಸುಲಿಯುವ ಮೆಷಿನ್ನುಗಳು, ಎಣ್ಣೆ ಮಿಲ್ಲುಗಳು ಈ ಊರಿನಲ್ಲಿ ಎಷ್ಟು ಕೈಗಳನ್ನು ಕಚ್ಚಿವೆಯೋ.

ಅದು ಎಡಗೈ. ನನ್ನ ಗಂಡನದು ಬಲಗೈ.

ವೀರೇಶ್ ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತಿದ್ದ. "ಹೇಳ್ರಿ ಅತ್ತಿಗೆ," ಎಂದ. "ಅವ್ವ ಇನ್ನೆಷ್ಟು ದಿನ ತಡೀತಾಳೆ?"

ಇವರೇನಾ ಮೇಡಂ ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದರು.

ಹೌದು ಎಂದೆ.

ನವೆಂಬರ್ ೧೯

ನಮ್ಮ ಹೊಲದಲ್ಲಿ, ಮಾವನವರ ಗದ್ದಿಗೆಯ ಪಕ್ಕ. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು, ಈ ಸ್ಥಿತಿಯಲ್ಲಿ ಕೂರಿಸಲು ಆಗದು ಎಂದು ಕೆಲವರು ಹೇಳಿದರು. ಹೊಸ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕೂರಿಸಿದರು. ಎಡಗೈ ಮಾತ್ರ ಹೊರಗೆ. ದೀಪಿಕಾಳನ್ನು ಬೇವಿನ ಮರದ ಹತ್ತಿರವೇ ನಿಲ್ಲಿಸಿದೆ, ಮುಂದೆ ಬರಬೇಡ ಎಂದೆ. ಅಲ್ಲೇ ನಿಂತಳು.

ಅಯ್ಯನೋರು ಕೈ ಚಾಚಿದರು. ಕರಡಿಗೆಯಿಂದ ಲಿಂಗ ತೆಗೆದು ಕೊಟ್ಟೆ. ಅಂಗೈಯಲ್ಲಿ ಇಟ್ಟರು, ಮೋಟು ಬೆರಳಿನ ಕಡೆಯಿಂದ ಜಾರಿತು. ಎತ್ತಿ ಮತ್ತೆ ಇಟ್ಟರು, ಮತ್ತೆ ಜಾರಿತು. ಕೊನೆಗೆ ಬಟ್ಟೆಯ ಚೂರು ಹರಿದು ಕೈಯನ್ನು ಕಟ್ಟಿದರು.

ಯಾವ ಊರಿನವನೋ. ಅವನಿಗೂ ಒಂದು ಹೆಸರಿದ್ದಿರಬೇಕು.

ಎಲ್ಲರೂ ಪತ್ರೆ ಹಾಕಿದರು, ಆಮೇಲೆ ಮಣ್ಣು. ನಾನೂ ಹಾಕಿದೆ.

ನವೆಂಬರ್ ೨೦

ಅತ್ತೆಯನ್ನು ಹೊಲಕ್ಕೆ ಕರೆದೊಯ್ಯುವ ಸ್ಥಿತಿ ಇರಲಿಲ್ಲ. ಇವತ್ತು ಮಧ್ಯಾಹ್ನ ತಾವಾಗಿಯೇ ಎಬ್ಬಿಸಿ ಕೂರಿಸು ಎಂದರು. ದಿಂಬು ಕೊಟ್ಟು ಗೋಡೆಗೆ ಒರಗಿಸಿದೆ. "ಹಡಗಿನ ಮಾತು ಬ್ಯಾಡ. ನಿನ್ನೆ ನೀವೇನೇನ್ ಮಾಡಿದ್ರಿ, ಅದನ್ನ ಹೇಳು," ಎಂದರು.

ಎಡಮೂಲೆಯಿಂದ ಶುರುಮಾಡಿದೆ. ಬೇವಿನ ಮರ, ಮರದ ಕೆಳಗೆ ನೆರೆದ ಜನ, ಹೂವಿನ ಬುಟ್ಟಿ, ಬೊಗಸೆ ಬೊಗಸೆ ಪತ್ರೆ. ಮುಖ ಹೆಂಗಿತ್ತು ಎಂದರು. ಮಲಗಿದ ಹಾಗಿತ್ತು ಎಂದೆ. ಹಣೆಯ ತುಂಬ ವಿಭೂತಿ ಎಂದೆ. ಮಾವನವರ ಪಕ್ಕ ಅವರ ಹಾಗೆಯೇ ಕೂತಿದ್ದರು ಎಂದೆ. ಅತ್ತೆ ಎಲ್ಲಕ್ಕೂ ಹೂಂಗುಟ್ಟಿದರು.

"ಲಿಂಗ ಎಡಗೈಯಾಗೇ ಇಟ್ರಲ್ಲ?"

"ಹೂಂ ಅತ್ತೆ."

"ಒಳ್ಳೇದಾತು. ಬಲಗೈ ಆಗಿದ್ರೆ ಆ ಮೋಟು ಬೆರಳಿನಾಗೆ ನಿಲ್ತಿರಲಿಲ್ಲ. ಎಡಗೈ ಪೂರಾ ಐತೆ ನನ್ನ ಮಗಂದು." ತಮ್ಮ ಎಡಗೈಯನ್ನು ನನ್ನ ಮುಂದೆ ಚಾಚಿ ಬೆರಳುಗಳನ್ನು ಒಂದೊಂದಾಗಿ ಮಡಚಿದರು. "ಹಿಂಗೆ ಹಿಡಿದ್ನಾ?"

"ಹಂಗೇ ಹಿಡಿದ್ರು ಅತ್ತೆ. ಐದೂ ಬೆರಳು."

ಪೊರೆ ಬಂದ ಕಣ್ಣುಗಳನ್ನು ನನ್ನ ಮುಖದ ಕಡೆ ತಿರುಗಿಸಿದರು. ಏನು ಕಂಡಿತೋ, ಎಷ್ಟು ಕಂಡಿತೋ. ಆಮೇಲೆ ರೊಟ್ಟಿ ತಟ್ಟು ಎಂದರು. ಹಾಲಿನಲ್ಲಿ ನೆನೆಸಿ ಕೊಟ್ಟೆ. ಒಂದು ಪೂರ್ತಿ ತಿಂದರು, ನಿಧಾನವಾಗಿ, ತಟ್ಟೆಯಲ್ಲಿ ಚೂರೂ ಉಳಿಯದಂತೆ ಬೆರಳಿನಿಂದ ತಡವಿ ತಡವಿ.

ಅಮರೇಶ್ ಹೋದಾಗಿನಿಂದ ಮುಂಬಾಗಿಲಿಗೆ ಅಗಳಿ ಹಾಕಲು ಅತ್ತೆ ಬಿಟ್ಟಿರಲಿಲ್ಲ. ಬಂದವನು ತಳ್ಳಿದರೆ ತೆರೆಯಬೇಕು ಎನ್ನುತ್ತಿದ್ದರು. ತಟ್ಟೆ ತೆಗೆಯುವಾಗ ನನ್ನ ಸೆರಗು ಹಿಡಿದು, "ಇನ್ನು ಬಾಗಿಲು ಹಾಕು ಗಂಗಾ," ಎಂದರು.

ಎದ್ದು ಹೋಗಿ ಅಗಳಿ ಹಾಕಿದೆ. ಸರಿಯಾಗಿ ಬಿದ್ದಿದೆಯೇ ಎಂದು ಒಂದು ಸಲ ಎಳೆದು ನೋಡಿದೆ.